ನರಿ ಅಂದರೆ ಬೈದ ಹಾಗಾ, ಹೊಗಳಿದ ಹಾಗಾ?

ಹೋದ ಸಂಚಿಕೆಯಲ್ಲಿ ಇಂಗ್ಲಿಷಿನವರು ನಾಯಿ ಹೆಸರು ಹಿಡಿದು ಆಡುವ ಮಾತುಗಳ ಬಗ್ಗೆ ಬರೆದಿದ್ದೆ. ಈ ಸಲ ನಾಯಿಯನ್ನು ಬಿಟ್ಟು ಎಲ್ಲರೂ ನರಿಯ ಬೆನ್ನು ಹತ್ತಿದ್ದೀರಿ. ದಾವಣಗೆರೆ, ದುರ್ಗ, ಚಳ್ಳಕೆರೆ, ಚನ್ನಗಿರಿ, ಎಲ್ಲ ಕಡೆಯಿಂದಲೂ ಕಾಗದ ಬಂದಿವೆ. ಒಂದನ್ನಂತೂ ಜಗಳದ ಬಿಸಿ ಆರುವ ಮುಂಚೆಯೇ ಬರೆದ ಹಾಗಿದೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಮೇಡಂ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ರಿಟೈರ್‌ಮೆಂಟ್ ಹತ್ತಿರ ಇರುವವರು. ರಿಂಗ್ ರೋಡ್ ಕಡೆ ರೇಟು ಏರುವ ಮೊದಲೇ ಯಾರಿಗೂ ಹೇಳದೆ ಒಂದು ಸೈಟು ತೆಗೆದುಕೊಂಡಿದ್ದರಂತೆ. ಮೊನ್ನೆ ಗೃಹಪ್ರವೇಶದ ಕಾರ್ಡು ಹಂಚುವಾಗ ವಿಷಯ ಹೊರಗೆ ಬಂತು. ಬೇರೆ ರಾಜ್ಯದಿಂದ ಬಂದ ನಮ್ಮ ಮ್ಯಾನೇಜರ್ ಜೋರಾಗಿ ನಕ್ಕು, ‘ಯೂ ಸ್ಲೈ ಓಲ್ಡ್ ಫಾಕ್ಸ್!’ ಅಂದುಬಿಟ್ಟರು. ನಮ್ಮ ಕ್ಯಾಷಿಯರ್ ಕೊಡುತ್ತಿದ್ದ ಕಾರ್ಡನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡರು. ‘ಎಲ್ಲರ ಎದುರಿಗೆ ನನ್ನನ್ನ ಮುದಿ ನರಿ ಅಂದ್ರಲ್ಲಾ’ ಅಂತ ಕೊರಗುತ್ತಿದ್ದಾರೆ. ಇದು ಬೈಗುಳವಾ? – ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಬೈಗುಳ ಅಲ್ಲ. ಈ ಪುಟವನ್ನು ಆ ಹಿರಿಯರಿಗೆ ತೋರಿಸಿ, ಆಮೇಲೆ ಇಬ್ಬರನ್ನೂ ಕರೆದುಕೊಂಡು ಹೋಗಿ ಒಂದೊಂದು ಬೆಣ್ಣೆ ದೋಸೆ ತಿನ್ನಿಸಿ. ಬಿಲ್ಲು ಮ್ಯಾನೇಜರ್ ಕೊಡಲಿ.

‘ಸ್ಲೈ’ ಅನ್ನುವುದನ್ನು ಒಂದೇ ಹಿಡಿದರೆ ಅದು ಒಳ್ಳೆಯ ಮಾತಲ್ಲ, ನಿಜ. ಒಳಗೊಂದು ಹೊರಗೊಂದು ಇಟ್ಟುಕೊಂಡವನಿಗೆ ಹೇಳುವ ಮಾತು. ಆದರೆ ನಡುವೆ ಒಂದು ‘ಓಲ್ಡ್’ ಬಂದು ಕೂತಿದೆ ನೋಡಿ. ಅದಕ್ಕೂ ವಯಸ್ಸಿಗೂ ಸಂಬಂಧ ಇಲ್ಲ. ‘ಓಲ್ಡ್ ಬಾಯ್’, ‘ಓಲ್ಡ್ ಚಾಪ್’ ಅಂತ ಇಂಗ್ಲಿಷಿನವರು ಸಲಿಗೆಯಲ್ಲಿ ಅನ್ನುತ್ತಾರಲ್ಲ, ಅದೇ ಓಲ್ಡ್ ಇದು. ಮೂವತ್ತು ವರ್ಷದವನಿಗೂ ಅನ್ನಬಹುದು. ಸದ್ದಿಲ್ಲದೆ ಒಂದು ಜಾಣ ಕೆಲಸ ಮಾಡಿ ಮುಗಿಸಿದವರಿಗೆ, ಗುಟ್ಟು ಹೊರಬಿದ್ದ ಗಳಿಗೆಯಲ್ಲಿ, ಮುಖಕ್ಕೆ ಮುಖ ಕೊಟ್ಟು ನಗುತ್ತಾ ಹೇಳುವ ಮಾತು ಅದು. ನಮ್ಮ ಕಡೆ ಆಗಿದ್ದರೆ, ‘ಏನ್ ಘಾಟಿ ಆಸಾಮಿರೀ ನೀವು! ಒಬ್ಬರ ಹತ್ರನಾದ್ರೂ ಬಾಯಿ ಬಿಟ್ರಾ?’ ಅನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚು, ಜಾಸ್ತಿ ಮೆಚ್ಚುಗೆ. ನಿಮ್ಮ ಮ್ಯಾನೇಜರ್‌ಗೂ ಅಷ್ಟೇ ಆಗಿರಬೇಕು.

ಇದೇ ನರಿ ಬೆನ್ನ ಹಿಂದೆ ಬಂದರೆ ಕಥೆ ಬೇರೆ. ನೀವಿಲ್ಲದಾಗ ಒಬ್ಬರು ಇನ್ನೊಬ್ಬರಿಗೆ, ‘ಹಿ ಈಸ್ ಆಸ್ ಸ್ಲೈ ಆಸ್ ಎ ಫಾಕ್ಸ್’ ಅಂದರು ಅಂತಿಟ್ಟುಕೊಳ್ಳಿ. ಅದು ಎಚ್ಚರಿಕೆ. ಇವನ ಹತ್ತಿರ ಹುಷಾರು, ಸಹಿ ಹಾಕುವ ಮೊದಲು ಎರಡು ಸಲ ಓದು ಅಂತ. ಪಾಠ ಮಾಡುವಾಗಲೂ ನಾನು ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ: ಡಿಕ್ಷನರಿ ತೆಗೆಯುವುದು ಆಮೇಲೆ, ಯಾರು, ಯಾರಿಗೆ, ಎಲ್ಲಿ ನಿಂತು ಹೇಳಿದರು ಅಂತ ಮೊದಲು ನೋಡಿ.

ಇನ್ನು ‘ಔಟ್‌ಫಾಕ್ಸ್’ ಅಂತ ಒಂದಿದೆ. ಅದು ಹೆಚ್ಚುಕಡಿಮೆ ಪೂರ್ತಿ ಹೊಗಳಿಕೆ. ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿರುತ್ತೀರಿ. ಸ್ಪಿನ್ನರ್ ಎರಡು ಬಾಲು ಒಂದೇ ತರ ಹಾಕಿ, ಮೂರನೆಯದನ್ನು ಸ್ವಲ್ಪ ಮೇಲೆ ತೇಲಿಸಿ ನಿಧಾನಕ್ಕೆ ಬಿಡುತ್ತಾನೆ. ಬ್ಯಾಟ್ಸ್‌ಮನ್ ಮುಂದೆ ನುಗ್ಗಿ ಬರುತ್ತಾನೆ, ಹಿಂದೆ ಸ್ಟಂಪ್ ಹೋಗಿರುತ್ತದೆ. ಬೌಲರ್ ಅವನನ್ನು ಔಟ್‌ಫಾಕ್ಸ್ ಮಾಡಿದ ಅನ್ನುತ್ತಾರೆ. ಇಲ್ಲಿ ಮೋಸ ಇಲ್ಲ, ಎದುರಾಳಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದ ಅಷ್ಟೇ.

ಮ್ಯಾನೇಜರ್ ಸಾಹೇಬರಿಗೂ ಒಂದು ಮಾತು ಹೇಳಿಬಿಡಿ. ಈ ಸೀಮೆಯಲ್ಲಿ ಹಿರಿಯರನ್ನು ಪ್ರಾಣಿಗೆ ಹೋಲಿಸುವುದಾದರೆ ಹುಲಿ, ಸಿಂಹ, ಆನೆ. ಅದನ್ನು ಬಿಟ್ಟು ಯಾವ ಪ್ರಾಣಿ ಹೆಸರು ತಂದರೂ ಗೃಹಪ್ರವೇಶದ ಊಟ ತಪ್ಪುತ್ತದೆ.

ಪ್ರಶ್ನೆ: ಮ್ಯಾಮ್, ಕಾಲೇಜ್ ಡೇ ದಿನ ಸೀರೆ ಉಟ್ಟು ತೆಗೆಸಿಕೊಂಡ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಕ್ಲಾಸಿನ ಹುಡುಗನೊಬ್ಬ ‘ಲುಕಿಂಗ್ ಫಾಕ್ಸಿ’ ಅಂತ ಕಳಿಸಿದ. ಫ್ರೆಂಡ್ಸ್ ಎಲ್ಲ ಸೇರಿ ‘ನಿನ್ನನ್ನ ನರಿ ಅಂದಿದಾನೆ, ಬಿಡಬೇಡ’ ಅನ್ನುತ್ತಿದ್ದಾರೆ. ಬೈಯಲಾ? – ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಗಳೇ, ಬೈಯುವುದಾದರೆ ಸರಿಯಾದ ಕಾರಣಕ್ಕೆ ಬೈ. ಅವನು ನಿನ್ನನ್ನು ಮೋಸಗಾತಿ ಅಂದಿಲ್ಲ. ‘ಫಾಕ್ಸಿ’ಗೆ ನರಿ ಬುದ್ಧಿಯ, ನರಿ ಬಣ್ಣದ ಅನ್ನುವ ಅರ್ಥ ಹಿಂದಿನಿಂದಲೂ ಇತ್ತು. ಹೋದ ಶತಮಾನದಲ್ಲಿ ಅಮೆರಿಕದ ಆಡುಮಾತಿನಲ್ಲಿ ಅದು ಮನಸೆಳೆಯುವ ಹೆಣ್ಣಿಗೆ ಹೇಳುವ ಮಾತಾಯಿತು. ಆದರೆ ಅದು ‘ಸೀರೆಯಲ್ಲಿ ಚೆನ್ನಾಗಿ ಕಾಣ್ತೀಯ’ ಅನ್ನುವಷ್ಟು ಸರಳ ಹೊಗಳಿಕೆ ಅಲ್ಲ. ಅದರಲ್ಲಿ ಕಣ್ಣು ಹೊಡೆದ ಧಾಟಿ ಇದೆ. ಅಷ್ಟು ಸಲಿಗೆ ಅವನಿಗೆ ನೀನು ಕೊಟ್ಟಿದ್ದೀಯಾ ಇಲ್ಲವಾ ಅಂತ ನಿನಗೆ ಗೊತ್ತು. ಕೊಟ್ಟಿಲ್ಲ ಅಂದರೆ ಹೇಳು. ಒಂದು ವಿಷಯ ಮಾತ್ರ: ಈ ಮಾತು ಈಗ ಅಲ್ಲಿಯೇ ಸ್ವಲ್ಪ ಹಳತಾಗಿದೆ. ಹುಡುಗ ಹಳೇ ಸಿನಿಮಾ ನೋಡಿ ಕಲಿತಿರಬೇಕು.

‘ವಿಕ್ಸನ್’ ಅಂತ ಯಾರಾದರೂ ಅಂದರೆ ಮಾತ್ರ ಸೆರಗು ಸಿಕ್ಕಿಸಬಹುದು. ಅದು ಹೆಣ್ಣು ನರಿಯ ಹೆಸರು. ಹೆಂಗಸಿಗೆ ಹೇಳಿದರೆ ಜಗಳಗಂಟಿ, ನಮ್ಮ ಬಜಾರಿ ಇದ್ದ ಹಾಗೆ. ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಇಬ್ಬರು ಗೆಳತಿಯರು ಹುಡುಗರ ವಿಷಯಕ್ಕೆ ಕಿತ್ತಾಡುವಾಗ ಹೆಲೆನಾ ಹೇಳುತ್ತಾಳೆ, ಇವಳು ಶಾಲೆಗೆ ಹೋಗುವಾಗಲೇ ವಿಕ್ಸನ್ ಆಗಿದ್ದಳು ಅಂತ. ಇವಳು ಅಂದರೆ ಕುಳ್ಳಗಿರುವ ಹರ್ಮಿಯಾ. ಆ ಕಡೆ ಹರ್ಮಿಯಾ ಉಗುರು ತೋರಿಸುತ್ತಾ ನಿಂತಿರುತ್ತಾಳೆ. ಈ ಸೀನು ಪಾಠ ಮಾಡುವಾಗ ಹಿಂದಿನ ಬೆಂಚೂ ಎದ್ದು ಕೂರುತ್ತಿತ್ತು.

ಗಂಡಸರಿಗೆ ನೋಡು, ಎಂಥ ಚೆಂದದ ನರಿ ಸಿಕ್ಕಿದೆ: ‘ಸಿಲ್ವರ್ ಫಾಕ್ಸ್’. ತಲೆಗೂದಲು ಬೆಳ್ಳಗಾಗಿದ್ದರೂ ನೋಡಲು ಲಕ್ಷಣವಾಗಿರುವ ಗಂಡಸು. ಈ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಮನೆಯವರು ಹೇರ್ ಡೈ ಹಚ್ಚುವುದನ್ನೇ ಬಿಟ್ಟಿದ್ದಾರೆ. ನನ್ನ ತಲೆಯೂ ಅಷ್ಟೇ ಬೆಳ್ಳಗಾಗಿದೆ, ನನಗೆ ಮಾತ್ರ ‘ಅಜ್ಜಿ, ಸೀಟು ತಗೊಳ್ಳಿ’ ಅನ್ನುತ್ತಾರೆ.

ಪ್ರಶ್ನೆ: ನಾವು ಮದಕರಿ ನಾಯಕರನ್ನು ದುರ್ಗದ ಹುಲಿ ಅನ್ನುತ್ತೇವೆ. ಇಂಗ್ಲಿಷ್ ಪುಸ್ತಕದಲ್ಲಿ ಜರ್ಮನಿಯ ಸೇನಾಪತಿ ರೊಮೆಲ್‌ನನ್ನು ‘ಡೆಸರ್ಟ್ ಫಾಕ್ಸ್’ ಅಂತ ಕರೆದಿದ್ದಾರೆ. ಮರಳುಗಾಡಿನ ನರಿ ಅಂದರೆ ಅದು ಬಿರುದು ಹೇಗಾಗುತ್ತದೆ ಮೇಡಂ? – ಇತಿಹಾಸ ಎಂ.ಎ. ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಒಳ್ಳೆ ಪ್ರಶ್ನೆ. ನಾನೂ ದುರ್ಗದವಳೇ, ಅದಕ್ಕೆ ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ, ಸಂಪಾದಕರು ಕತ್ತರಿ ಹಾಕದಿದ್ದರೆ ಸರಿ.

ರೊಮೆಲ್ 1941ರಲ್ಲಿ ಉತ್ತರ ಆಫ್ರಿಕಕ್ಕೆ ಬಂದು ಇಳಿದಾಗ ಅವನ ಹತ್ತಿರ ಟ್ಯಾಂಕು ಕಡಿಮೆ. ಅವನೇನು ಮಾಡಿದ? ಸಣ್ಣ ಕಾರುಗಳ ಮೇಲೆ ಮರ, ಬಟ್ಟೆ ಕಟ್ಟಿಸಿ ಸುಳ್ಳು ಟ್ಯಾಂಕು ಮಾಡಿಸಿದ. ದೂರದಿಂದ, ಆಕಾಶದಿಂದ ನೋಡಿದ ಬ್ರಿಟಿಷರಿಗೆ ದೊಡ್ಡ ದಂಡೇ ಬಂದ ಹಾಗೆ ಕಾಣಬೇಕು. ಎದುರಾಳಿ ಇಲ್ಲಿ ಬರುತ್ತಾನೆ ಅಂದುಕೊಂಡರೆ ಅವನು ಅಲ್ಲಿ ಇರುತ್ತಿದ್ದ. ಅವನು ಹಿಟ್ಲರನ ಸೇನಾಪತಿ ಅನ್ನುವುದನ್ನು ಮರೆಯಬಾರದು. ಆದರೂ ಎದುರಿಗೆ ನಿಂತು ಕಾದಾಡಿದ ಬ್ರಿಟಿಷರ ಬಾಯಲ್ಲೇ ಆ ಹೆಸರು ಓಡಾಡಿತು.

ಅಮೆರಿಕದಲ್ಲಿ ಇನ್ನೊಂದು ನರಿ ಇದೆ, ‘ಸ್ವಾಂಪ್ ಫಾಕ್ಸ್’. ಹೆಸರು ಫ್ರಾನ್ಸಿಸ್ ಮರಿಯನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ದಕ್ಷಿಣ ಕೆರೊಲಿನಾದ ಜೌಗು ನೆಲದಲ್ಲಿ ಬೆರಳೆಣಿಕೆ ಮಂದಿಯನ್ನು ಕಟ್ಟಿಕೊಂಡು ಬ್ರಿಟಿಷರ ಮೇಲೆ ಬೀಳುತ್ತಿದ್ದ, ಮತ್ತೆ ಜೌಗಿನೊಳಗೆ ಮಾಯ. 1780ರಲ್ಲಿ ಟಾರ್ಲ್‌ಟನ್ ಅನ್ನುವ ಬ್ರಿಟಿಷ್ ಅಧಿಕಾರಿ ಅವನ ಬೆನ್ನಟ್ಟಿ ಸಾಕಾಗಿ, ಈ ಮುದಿ ನರಿಯನ್ನು ಹಿಡಿಯಲು ದೆವ್ವಕ್ಕೂ ಆಗುವುದಿಲ್ಲ ಅಂತ ಹಿಂದಿರುಗಿದನಂತೆ. ಬೈಗುಳವಾಗಿ ಹುಟ್ಟಿದ್ದು ಬಿರುದಾಗಿ ಉಳಿಯಿತು. ಈಗ ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಹುಲಿ, ನರಿ ಎರಡೂ ಬೇಕು ಅಂತ ಇಟಲಿಯ ಮೆಕಿಯವೆಲ್ಲಿ ಬರೆದಿಟ್ಟಿದ್ದಾನೆ. 1513ರಲ್ಲಿ ಬರೆದ ‘ದಿ ಪ್ರಿನ್ಸ್’ನಲ್ಲಿ ಅವನು ಹೇಳುವುದು ಸಿಂಹದ ಮಾತು. ಸಿಂಹಕ್ಕೆ ಬಲೆ ಕಾಣುವುದಿಲ್ಲ, ನರಿಗೆ ತೋಳಗಳನ್ನು ಓಡಿಸಲು ಆಗುವುದಿಲ್ಲ. ಆದ್ದರಿಂದ ಆಳುವವನು ಬಲೆ ಗುರುತಿಸಲು ನರಿಯಾಗಬೇಕು, ತೋಳಗಳನ್ನು ಹೆದರಿಸಲು ಸಿಂಹವಾಗಬೇಕು. ಎಲ್ಲ ಕಡೆಯೂ ನರಿಗೆ ಇಷ್ಟು ಮರ್ಯಾದೆ ಇಲ್ಲ, ಅದೂ ಗೊತ್ತಿರಲಿ. ಬೈಬಲಿನಲ್ಲಿ ಯೇಸು, ಗಲಿಲಾಯವನ್ನು ಆಳುತ್ತಿದ್ದ ಹೆರೋದನ ಬಗ್ಗೆ ‘ಆ ನರಿಗೆ ಹೋಗಿ ಹೇಳಿ’ ಅನ್ನುವಾಗ ಅದರಲ್ಲಿ ಮೆಚ್ಚುಗೆಯ ಸುಳಿವೂ ಇಲ್ಲ.

ಇನ್ನು ನಮ್ಮ ಕೋಟೆಗೆ ಬನ್ನಿ. ಬಾಗಿಲು ದಾಟಿದ ಕೂಡಲೇ ದಾರಿ ಗಕ್ಕನೆ ತಿರುಗುತ್ತದಲ್ಲ, ಯಾಕೆ? ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು ಅಂತ. ಒಳಗೆ ಬಂದವನಿಗೆ ಮುಂದಿನ ಬಾಗಿಲು ಕಾಣುವುದಿಲ್ಲ, ಮೇಲಿನಿಂದ ಮಾತ್ರ ಅವನು ಚೆನ್ನಾಗಿ ಕಾಣುತ್ತಾನೆ. ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕನಿಗೆ ಒನಕೆಯಿಂದ ಹೊಡೆದದ್ದು ಧೈರ್ಯ. ಹೆಣವನ್ನು ಪಕ್ಕಕ್ಕೆ ಎಳೆದು ಹಾಕಿದಳಲ್ಲ, ಹಿಂದೆ ಬರುವವನಿಗೆ ಅನುಮಾನ ಬರದ ಹಾಗೆ? ಅದನ್ನು ಮಾಡದಿದ್ದರೆ ಎರಡನೆಯವನೇ ಕೂಗಿಕೊಂಡು ಎಲ್ಲರನ್ನೂ ಎಚ್ಚರಿಸುತ್ತಿದ್ದ. ಇಂಗ್ಲಿಷಿನವನೊಬ್ಬ ಈ ಕಥೆ ಬರೆದಿದ್ದರೆ ಆ ಕೆಲಸಕ್ಕೆ ಖಂಡಿತ ಫಾಕ್ಸ್ ಅನ್ನುವ ಮಾತು ತರುತ್ತಿದ್ದ, ಮೆಚ್ಚಿಕೊಂಡೇ ತರುತ್ತಿದ್ದ. ನಾವು ತರುವುದಿಲ್ಲ. ನಮ್ಮಲ್ಲಿ ಜಾಣತನ ಒಳ್ಳೆಯವರ ಕೈಯಲ್ಲಿದ್ದರೆ ಉಪಾಯ, ಕೆಟ್ಟವರ ಕೈಯಲ್ಲಿದ್ದರೆ ನರಿ ಬುದ್ಧಿ. ಪರೀಕ್ಷೆಯಲ್ಲಿ ‘ಡೆಸರ್ಟ್ ಫಾಕ್ಸ್’ ಬಂದರೆ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ, ಹಾಗೇ ಬರೆಯಿರಿ.

ಪ್ರಶ್ನೆ: ಅಮ್ಮಾ, ನಾನು ಕುರಿ ಕಾಯುವವನು. ಮೊಮ್ಮಗ ಪುಸ್ತಕ ಓದಿ ಹೇಳುತ್ತಾನೆ, ಇಂಗ್ಲಿಷಿನವರೂ ನರಿ ಮೋಸಗಾರ ಅಂತಾರೆ ಅಂತ. ನಮ್ಮ ಕಾವಲಿನಲ್ಲಿ ಸಣ್ಣ ನರಿ ಇದ್ದಾವೆ. ಮಿಡತೆ, ಇಲಿ, ಗೆದ್ದಲು ತಿಂದುಕೊಂಡು ಇರ್ತವೆ. ನಮ್ಮನ್ನ ಕಂಡರೆ ಬಿಲಕ್ಕೆ ಓಡ್ತವೆ. ಕುರಿ ಹೊತ್ಕೊಂಡು ಹೋಗೋದು ತೋಳ. ಅದನ್ನ ಯಾರೂ ಮೋಸಗಾರ ಅನ್ನಲ್ಲ. ಇದ್ಯಾವ ನ್ಯಾಯ? – ಚಳ್ಳಕೆರೆ ತಾಲ್ಲೂಕಿನಿಂದ

ಉತ್ತರ: ನ್ಯಾಯ ಇಲ್ಲ, ಯಜಮಾನರೇ. ನೀವು ನೋಡಿದ ಪ್ರಾಣಿಯೇ ಬೇರೆ, ಅವರು ಬೈಯುವ ಪ್ರಾಣಿಯೇ ಬೇರೆ.

ನಿಮ್ಮ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲಲ್ಲಿ ಇರುವುದು 3 ಕಿಲೋ ಆಸುಪಾಸು ತೂಗುವ, ಬಾಲದ ತುದಿ ಕಪ್ಪಗಿರುವ ಚಿಕ್ಕ ನರಿ. ಅದು ಭಾರತ ಮತ್ತು ಸುತ್ತಲಿನ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲ. ರಾತ್ರಿ ಊರ ಹೊರಗೆ ಗುಂಪಾಗಿ ಊಳಿಡುವುದು, ಮೆಕ್ಕೆಜೋಳದ ತೆನೆಗೆ ಬಾಯಿ ಹಾಕುವುದು ಅದಲ್ಲ, ಅದಕ್ಕಿಂತ ದೊಡ್ಡದು. ಇಂಗ್ಲಿಷಿನವರು ಅದಕ್ಕೆ ಜಕಾಲ್ ಅನ್ನುತ್ತಾರೆ. ನಾವು ಎರಡನ್ನೂ ನರಿ ಅಂತಲೇ ಕರೆದುಬಿಡುತ್ತೇವೆ. ಪಂಚತಂತ್ರದ ಕರಟಕ, ದಮನಕರೂ ಈ ಊಳಿಡುವ ಜಾತಿಯವರೇ. ದುರ್ಗಸಿಂಹ 11ನೇ ಶತಮಾನದಲ್ಲೇ ಅವರನ್ನು ಕನ್ನಡಕ್ಕೆ ತಂದ. ಸಿಂಹಕ್ಕೂ ಎತ್ತಿಗೂ ತಂದಿಟ್ಟದ್ದು ದಮನಕ, ಹೆಸರು ಕೆಟ್ಟದ್ದು ನಿಮ್ಮ ಕಾವಲಿನ ಸಣ್ಣ ನರಿಗೂ ಸೇರಿ.

ಇಂಗ್ಲೆಂಡಿನ ನರಿ ಕೆಂಪು ನರಿ. ಬಾಲದ ತುದಿ ಹೆಚ್ಚಾಗಿ ಬಿಳಿ. ಅದಕ್ಕೆ ಕೋಳಿ ಗೂಡು ಅಂದರೆ ಪ್ರಾಣ. ಅಲ್ಲಿಯ ರೈತರ ಸಿಟ್ಟು ಸುಮ್ನೆ ಬಂದದ್ದಲ್ಲ. ನಂಬಿಕೆಗೆಟ್ಟವನ ಕೈಗೆ ಅಧಿಕಾರ ಕೊಟ್ಟರೆ ಕೋಳಿಗೂಡು ಕಾಯಲು ನರಿಯನ್ನು ಇಟ್ಟರು ಅನ್ನುತ್ತಾರೆ. ನೀವು ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ ಅನ್ನುತ್ತೀರಿ. ಅವರವರ ನಷ್ಟ ಅವರವರ ಗಾದೆಯಲ್ಲಿ.

ಆಮೇಲೆ ಬೇಟೆ. ಅಲ್ಲಿ ಸಾಹುಕಾರರು ಕುದುರೆ ಹತ್ತಿ, ಹೌಂಡ್ ನಾಯಿಗಳ ದೊಡ್ಡ ಹಿಂಡು ಬಿಟ್ಟು ನರಿಯನ್ನು ಓಡಿಸುತ್ತಿದ್ದರು. ನರಿ ಬಂದ ದಾರಿಯಲ್ಲೇ ಹಿಂದೆ ಓಡಿ ಪಕ್ಕಕ್ಕೆ ಹಾರುವುದು, ಹಳ್ಳದ ನೀರಿಗೆ ಇಳಿಯುವುದು, ವಾಸನೆ ಕೆಡಲಿ ಅಂತ ಕುರಿ ಹಿಂಡಿನ ನಡುವೆ ನುಗ್ಗಿ ಹೋಗುವುದು, ಇದನ್ನೆಲ್ಲ ಅವರು ಕಥೆ ಕಟ್ಟಿ ಹೇಳಿದರು. ಜೀವ ಉಳಿಸಿಕೊಳ್ಳಲು ಓಡಿದ್ದಕ್ಕೆ ಮೋಸಗಾರ ಅನ್ನಿಸಿಕೊಂಡಿತು ಪಾಪ! ನಾಯಿ ಬಿಟ್ಟು ನರಿ ಬೇಟೆ ಆಡಬಾರದು ಅಂತ ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 2004ರಲ್ಲಿ. ನಮ್ಮ ದೇಶ ಆಳುವಾಗ ಊಟಿಯಲ್ಲೂ ಈ ಆಟ ನಡೆಸಿದ್ದರು. ನೀಲಗಿರಿಯಲ್ಲಿ ಕೆಂಪು ನರಿ ಎಲ್ಲಿಂದ ಬರಬೇಕು? ಜಕಾಲ್ ಅನ್ನೇ ಓಡಿಸಿದರು.

ಕಥೆಗಳೂ ಸೇರಿಕೊಂಡವು. ರೆನಾರ್ ಅನ್ನುವ ಕಿಲಾಡಿ ನರಿಯ ಕಥೆಗಳು ಫ್ರಾನ್ಸಿನಲ್ಲಿ ಎಷ್ಟು ಜನಪ್ರಿಯ ಆದವು ಅಂದರೆ, ಅವರ ಭಾಷೆಯಲ್ಲಿ ನರಿಗೆ ಇದ್ದ ಹಳೆಯ ಹೆಸರೇ ಮರೆತುಹೋಗಿ ಎಲ್ಲ ನರಿಗಳೂ ರೆನಾರ್ ಆಗಿಬಿಟ್ಟವು. ಇಂಗ್ಲೆಂಡಿನಲ್ಲಿ ಮೊದಲು ಅಚ್ಚುಮೊಳೆ ತಂದ ಕ್ಯಾಕ್ಸ್‌ಟನ್ 1481ರಲ್ಲಿ ಆ ಕಥೆಗಳನ್ನು ಅಚ್ಚು ಹಾಕಿದ. ಮೊಮ್ಮಗನಿಗೆ ಹೇಳಿ, ಪುಸ್ತಕದ ನರಿ ಪುಸ್ತಕದಲ್ಲಿರಲಿ, ನರಿ ಬಗ್ಗೆ ಅಜ್ಜನಿಗೆ ಗೊತ್ತಿರುವಷ್ಟು ಈಸೋಪನಿಗೂ ಗೊತ್ತಿರಲಿಲ್ಲ ಅಂತ.

ಪ್ರಶ್ನೆ: ‘ಸೌರ್ ಗ್ರೇಪ್ಸ್’ ಅಂದರೆ ಹೊಟ್ಟೆಕಿಚ್ಚು ಅಂತ ಮಗಳ ಗೈಡಿನಲ್ಲಿದೆ. ಸರಿಯಾ? – ತಾಯಿ, ಹರಿಹರ

ಉತ್ತರ: ಅರ್ಧ ಸರಿ. ಪಕ್ಕದವರ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತು ಅಂತ ನಿದ್ದೆ ಬಾರದಿದ್ದರೆ ಅದು ಹೊಟ್ಟೆಕಿಚ್ಚು. ನಮ್ಮ ಮಗನಿಗೆ ಸಿಗದೇ ಹೋದಾಗ, ‘ಅಯ್ಯೋ, ಡಾಕ್ಟರ್ ಆಗಿ ಯಾರು ರಾತ್ರಿ ಹಗಲು ಸಾಯ್ತಾರೆ, ನಮಗೆ ಬೇಕಾಗೇ ಇರಲಿಲ್ಲ’ ಅಂದರೆ ಅದು ಸೌರ್ ಗ್ರೇಪ್ಸ್. ಕೈಗೆ ಎಟುಕದ ದ್ರಾಕ್ಷಿ ಹುಳಿ ಅಂತ ನಮಗೂ ಗೊತ್ತಿದೆಯಲ್ಲ, ಅದೇ. ಅಂದಹಾಗೆ ನರಿ ಹಣ್ಣು ತಿನ್ನುತ್ತದಾ ಅಂತ ನಗಬೇಡಿ. ನಮ್ಮ ಕಡೆಯ ನರಿಗಳು ಬಾರೆಹಣ್ಣು ಉದುರಿದ ಕಾಲದಲ್ಲಿ ಹೊಟ್ಟೆ ತುಂಬಾ ತಿನ್ನುತ್ತವೆ.

ಪ್ರಶ್ನೆ: ಹಳೇ ಪುಸ್ತಕವೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ವಿವರದಲ್ಲಿ ‘ಸ್ಲೈಟ್ಲಿ ಫಾಕ್ಸ್ಡ್’ ಅಂತ ಇತ್ತು. ಬಂದ ಮೇಲೆ ನೋಡಿದರೆ ಯಾವ ನರಿ ಚಿತ್ರವೂ ಇಲ್ಲ. – ನಿವೃತ್ತ ಗ್ರಂಥಪಾಲಕ, ಚಿತ್ರದುರ್ಗ

ಉತ್ತರ: ಹಾಳೆ ತಿರುಗಿಸಿ ಬೆಳಕಿಗೆ ಹಿಡಿಯಿರಿ ಸಾರ್. ಕಂದು ಬಣ್ಣದ ಸಣ್ಣ ಸಣ್ಣ ಕಲೆ ಕಾಣುತ್ತವೆ. ಅದೇ ಫಾಕ್ಸಿಂಗ್. ಅವರು ಮೋಸ ಮಾಡಿಲ್ಲ, ಮೊದಲೇ ಹೇಳಿದ್ದಾರೆ. ಇದೇ ಮಾತನ್ನು ಮನುಷ್ಯನಿಗೆ ಹೇಳಿದರೆ ತಬ್ಬಿಬ್ಬಾದ ಅಂತ. ವಿವರ ಓದಿ ನೀವು ಆದಿರಲ್ಲ, ಹಾಗೆ. ‘ಕ್ರೇಜಿ ಲೈಕ್ ಎ ಫಾಕ್ಸ್’ ಅಂತ ಇನ್ನೊಂದಿದೆ. ನೋಡಲು ಹುಚ್ಚ, ಲೆಕ್ಕದಲ್ಲಿ ಪಕ್ಕಾ. ಸಂತೆಯಲ್ಲಿ ಅಂಥವರು ಬೇಕಾದಷ್ಟು ಸಿಗುತ್ತಾರೆ.

ಪ್ರಶ್ನೆ: ಈ ಸಲ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತು. ‘ಬೆಳಿಗ್ಗೆ ನರಿ ಮುಖ ನೋಡಿ ಎದ್ದಿದ್ದೆ’ ಅಂತ ದೆಹಲಿಯ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಬೇಕು. ಹೇಗೆ ಬರೆಯಲಿ? ಮನೆಯಲ್ಲಿ ನರಿಕೊಂಬು ಇಟ್ಟರೆ ಅದೃಷ್ಟ ಇನ್ನೂ ಜಾಸ್ತಿ ಅಂತ ಒಬ್ಬರು ಮಾರಲು ಬಂದಿದ್ದಾರೆ, ತಗೊಳ್ಳಲಾ? – ತೋಟದ ಮಾಲೀಕರು, ಚನ್ನಗಿರಿ

ಉತ್ತರ: ‘ಐ ಸಾ ಎ ಫಾಕ್ಸ್ ದಿಸ್ ಮಾರ್ನಿಂಗ್’ ಅಂತ ಬರೆದರೆ ಆ ವ್ಯಾಪಾರಿ ನಿಮ್ಮ ತೋಟದಲ್ಲಿ ಕಾಡುಪ್ರಾಣಿ ಕಾಟ ಅಂತ ತಿಳಿದುಕೊಳ್ಳುತ್ತಾನೆ. ನರಿ ಮುಖ ಶುಭ ಅನ್ನುವುದು ನಮ್ಮ ಕಡೆಯ ಮಾತು, ಇಂಗ್ಲಿಷಿನಲ್ಲಿ ಅದಕ್ಕೆ ಜೋಡಿ ಇಲ್ಲ. ‘ಇಟ್ ವಾಸ್ ಮೈ ಲಕ್ಕಿ ಡೇ’ ಅಂತ ಬರೆಯಿರಿ, ಸಾಕು. ಅದೂ ರೇಟು ಕೈಗೆ ಬಂದ ಮೇಲೆ ಬರೆಯಿರಿ.

ನರಿಕೊಂಬು ಮಾತ್ರ ಮುಟ್ಟಬೇಡಿ. ಯಾವ ನರಿಗೂ ಕೊಂಬು ಬರುವುದಿಲ್ಲ. ಕೊಂಬು ಅಂತ ತಲೆಯ ಚರ್ಮ, ಮೂಳೆ ತುಂಡು ಅಥವಾ ಇನ್ನೇನೋ ಸುತ್ತಿ ಕೊಡುತ್ತಾರೆ. ನಿಜವಾಗಿ ನರಿಯದ್ದೇ ಆಗಿದ್ದರೆ ಅದು ಇನ್ನೂ ಕೆಟ್ಟದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಮಾರಿದವರ ಮೇಲೂ ಕೇಸು, ಕೊಂಡವರ ಮೇಲೂ ಕೇಸು. ಅಡಿಕೆಯಲ್ಲಿ ಬಂದ ದುಡ್ಡು ವಕೀಲರಿಗೆ ಹೋಗುತ್ತದೆ. ಮಾರಲು ಬಂದವರು ಮತ್ತೆ ಬಂದರೆ ಅರಣ್ಯ ಇಲಾಖೆಯವರಿಗೆ ಒಂದು ಫೋನ್ ಮಾಡಿ.